ಮೂಗಿನ ಆಪರೇಷನ್ ಆಯ್ತು, ಊತ ಇಳಿಯೋದು ಯಾವಾಗ?

ಈ ಸಂಚಿಕೆಯ ಆರೋಗ್ಯ ಪುಟಕ್ಕೆ ಮೂಗಿನ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಮೂಗಿನ ಮೇಲೆ ಬೆರಳಿಡಬೇಡಿ, ಇದು ಗಂಭೀರ ವಿಷಯವೇ!

ಮೂಗಿನ ಆಪರೇಷನ್ ಈಗ ಅಪರೂಪದ ಸಂಗತಿಯಲ್ಲ. ಮೂಗಿನ ಒಳಗೋಡೆ ಸೊಟ್ಟಗಾಗಿ ಉಸಿರು ಕಟ್ಟುತ್ತದೆ ಎಂದು ಮಾಡಿಸಿಕೊಳ್ಳುವವರಿದ್ದಾರೆ. ಬೈಕಿನಿಂದ ಬಿದ್ದು ಮೂಗಿನ ಮೂಳೆ ಮುರಿದುಕೊಂಡವರಿದ್ದಾರೆ. ಮೂಗಿನ ಆಕಾರ ಸರಿಮಾಡಿಸಿಕೊಳ್ಳಲು ಹೋಗುವವರೂ ಇದ್ದಾರೆ. ಇವರೆಲ್ಲರೂ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೇಳುವ ಮೊದಲ ಪ್ರಶ್ನೆ ಒಂದೇ: "ಈ ಊತ ಯಾವಾಗ ಇಳಿಯುತ್ತೆ?"

ಚುಟುಕಾಗಿ ಹೇಳಬೇಕೆಂದರೆ, ಜನರ ಕಣ್ಣಿಗೆ ಕಾಣುವ ಊತ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ನಿಮ್ಮ ಕಣ್ಣಿಗೆ ಮಾತ್ರ ಕಾಣುವ ಸಣ್ಣ ಊತ ಪೂರ್ತಿ ಹೋಗಲು ಒಂದು ವರ್ಷ ಬೇಕು, ಕೆಲವರಿಗೆ ಅದಕ್ಕೂ ಹೆಚ್ಚು. ಆದರೆ ಈ ಉತ್ತರದ ಜೊತೆಗೆ ಇನ್ನೊಂದು ಮಾತನ್ನೂ ತಿಳಿದಿರಬೇಕು. ಮೂಗಿನ ಊತದಲ್ಲಿ ಎರಡು ಬಗೆ. ಒಂದು, ತಾಳ್ಮೆಯಿಂದ ಕಾಯಬೇಕಾದ ಊತ. ಇನ್ನೊಂದು, ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಓಡಬೇಕಾದ ಊತ. ಮೊದಲನೆಯದಕ್ಕೆ ಗಾಬರಿಯಾಗಿ ಮತ್ತೊಂದು ಆಪರೇಷನ್‌ಗೆ ಅವಸರ ಮಾಡುವುದೂ ತಪ್ಪು, ಎರಡನೆಯದನ್ನು "ಆಪರೇಷನ್ ಆದಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುವುದೂ ತಪ್ಪು. ಎರಡನ್ನೂ ಬಿಡಿಸಿ ನೋಡೋಣ ಬನ್ನಿ.

ಯಾವ ಆಪರೇಷನ್, ಎಷ್ಟು ಊತ?

"ಮೂಗಿನ ಆಪರೇಷನ್" ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ವೈದ್ಯರ ಪಾಲಿಗೆ ಅವು ಬೇರೆ ಬೇರೆ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯಿದೆಯಲ್ಲ, ಅದಕ್ಕೆ ಸೆಪ್ಟಮ್ ಎನ್ನುತ್ತಾರೆ. ಅದು ಸೊಟ್ಟಗಿದ್ದರೆ ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ ಸೆಪ್ಟೋಪ್ಲಾಸ್ಟಿ. ಇದರಲ್ಲಿ ಕೆಲಸವೆಲ್ಲ ಮೂಗಿನ ಒಳಗೇ ನಡೆಯುವುದರಿಂದ ಮುಖದ ಮೇಲೆ ಊತ ಕಾಣುವುದು ಕಡಿಮೆ. ಊತ ಇರುವುದು ಒಳಗೆ. ದೊಡ್ಡ ನೆಗಡಿ ಬಂದವರ ಹಾಗೆ ಮೂಗು ಕಟ್ಟಿಕೊಂಡಿರುತ್ತದೆ, ಅಷ್ಟೆ. ಸೈನಸ್ ಆಪರೇಷನ್ ಮಾಡಿಸಿಕೊಂಡವರ ಅನುಭವವೂ ಹೆಚ್ಚು ಕಡಿಮೆ ಇದೇ.

ಮೂಗಿನ ಹೊರಗಿನ ಆಕಾರವನ್ನು ಬದಲಿಸುವ ಶಸ್ತ್ರಚಿಕಿತ್ಸೆ ರೈನೋಪ್ಲಾಸ್ಟಿ. ಹೆಚ್ಚು ಊತ, ಹೆಚ್ಚು ದಿನದ ಊತ ಇದರಲ್ಲೇ. ಇದರಲ್ಲೂ ಎರಡು ವಿಧ. ಹೊಳ್ಳೆಗಳ ಒಳಗಿನಿಂದಲೇ ಕೆಲಸ ಮುಗಿಸುವುದು ಕ್ಲೋಸ್ಡ್ ವಿಧಾನ. ಎರಡು ಹೊಳ್ಳೆಗಳ ನಡುವೆ, ಕೆಳಗೆ ಕಾಣುವ ಪುಟ್ಟ ಕಂಬದಂಥ ಚರ್ಮವನ್ನು ಕೊಯ್ದು, ಮೂಗಿನ ಚರ್ಮವನ್ನು ಮೇಲಕ್ಕೆತ್ತಿ ಮಾಡುವುದು ಓಪನ್ ವಿಧಾನ. ಓಪನ್ ವಿಧಾನದಲ್ಲಿ ತುದಿಯ ಊತ ಹೆಚ್ಚು ದಿನ ನಿಲ್ಲುವುದು ಸಾಮಾನ್ಯ. ಮೂಗಿನ ಮೂಳೆಯನ್ನು ಕತ್ತರಿಸಿ ಒಳಕ್ಕೆ ಕೂರಿಸಿದ್ದರೆ ಕಣ್ಣಿನ ಸುತ್ತಲೂ ಊತ, ಕಪ್ಪು ನೀಲಿ ಕಲೆ ಬರುತ್ತದೆ. ಒಮ್ಮೆ ಆಪರೇಷನ್ ಆದ ಮೂಗಿಗೆ ಎರಡನೇ ಸಲ ಕೈ ಹಾಕಿದರೆ ಊತ ಇಳಿಯಲು ಇನ್ನೂ ಹೆಚ್ಚು ಕಾಲ ಬೇಕು.

ಆದ್ದರಿಂದ ಪಕ್ಕದ ಫ್ಲ್ಯಾಟಿನವರ ಮಗನಿಗೆ ಹತ್ತೇ ದಿನದಲ್ಲಿ ಸರಿಹೋಯಿತು, ನನಗೇಕೆ ಆಗಲಿಲ್ಲ ಎಂದು ಹೋಲಿಸಿ ನೋಡಬೇಡಿ. ಅವರದು ಯಾವ ಆಪರೇಷನ್, ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ.

ಊತ ಬರುವುದಾದರೂ ಏಕೆ?

ದೇಹದ ಯಾವುದೇ ಭಾಗಕ್ಕೆ ಪೆಟ್ಟಾದರೆ, ಗಾಯವಾದರೆ ಅಲ್ಲಿಗೆ ರಕ್ತದ ಹರಿವು ಹೆಚ್ಚುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಅಕ್ಕಪಕ್ಕದ ಅಂಗಾಂಶದೊಳಕ್ಕೆ ಸೋರುತ್ತದೆ. ಅದರ ಜೊತೆಗೆ ಗಾಯ ವಾಸಿಮಾಡುವ ಕಣಗಳೂ ಬಂದು ಸೇರುತ್ತವೆ. ಇದು ರಿಪೇರಿ ಕೆಲಸಕ್ಕೆ ದೇಹ ಕಳಿಸುವ ಆಳುಗಳ ತಂಡ ಎಂದುಕೊಳ್ಳಿ. ಶಸ್ತ್ರಚಿಕಿತ್ಸೆ ಕೂಡ ದೇಹದ ಲೆಕ್ಕದಲ್ಲಿ ಗಾಯವೇ ಅಲ್ಲವೇ?

ಹೀಗೆ ತುಂಬಿಕೊಂಡ ನೀರು ವಾಪಸ್ ಹೋಗಬೇಕಾದರೆ ರಕ್ತನಾಳಗಳ ಜೊತೆಗೆ ದುಗ್ಧರಸ ನಾಳಗಳೆಂಬ ಸಣ್ಣ ಸಣ್ಣ ಕಾಲುವೆಗಳು ಬೇಕು. ಚರ್ಮವನ್ನು ಎತ್ತಿದಾಗ ಈ ಕಾಲುವೆಗಳಲ್ಲಿ ಹಲವು ತುಂಡಾಗಿರುತ್ತವೆ. ಅವು ಮತ್ತೆ ಬೆಳೆದು ದಾರಿ ಮಾಡಿಕೊಳ್ಳುವವರೆಗೆ ನೀರು ನಿಂತೇ ಇರುತ್ತದೆ. ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡ ಬೀದಿಯನ್ನು ನೋಡಿದ ನಮ್ಮ ಮುಂಬಯಿ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಿಂತರೂ ನೀರು ಇಳಿಯಲು ಹೊತ್ತು ಹಿಡಿಯುತ್ತದೆ.

ಊತದ ಕ್ಯಾಲೆಂಡರ್

ಈಗ ರೈನೋಪ್ಲಾಸ್ಟಿ ಆದವರ ದಿನಚರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಸರಾಸರಿ ಲೆಕ್ಕ. ನಿಮ್ಮದು ಒಂದಷ್ಟು ಹಿಂದೆ ಮುಂದೆ ಆಗಬಹುದು.

ಮೊದಲ ಮೂರು ದಿನ: ಆಪರೇಷನ್ ಆದ ದಿನಕ್ಕಿಂತ ಎರಡನೇ, ಮೂರನೇ ದಿನ ಊತ ಹೆಚ್ಚು. 48ರಿಂದ 72 ಗಂಟೆಯ ಹೊತ್ತಿಗೆ ಅದು ತುತ್ತತುದಿ ಮುಟ್ಟುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣು ತೆರೆಯಲೂ ಕಷ್ಟವಾಗುವಷ್ಟು ರೆಪ್ಪೆ ಊದಿರಬಹುದು. "ನಿನ್ನೆಗಿಂತ ಇವತ್ತು ಹೆಚ್ಚಾಗಿದೆಯಲ್ಲ" ಎಂದು ಮನೆಯವರು ಹೆದರುವುದು ಈ ಹಂತದಲ್ಲೇ. ಎರಡೂ ಕಡೆ ಒಂದೇ ಸಮನಾಗಿ ಬಂದ ಊತವಾದರೆ ಸಾಮಾನ್ಯವಾಗಿ ಹೆದರಬೇಕಿಲ್ಲ.

ಮೊದಲ ವಾರ: ನಾಲ್ಕನೇ ದಿನದಿಂದ ಊತ ಇಳಿಯತೊಡಗುತ್ತದೆ. ಕಣ್ಣಿನ ಕೆಳಗಿನ ನೀಲಿ ಕಲೆ ಹಸಿರಾಗಿ, ಹಳದಿಯಾಗಿ, ಕೆನ್ನೆಯ ಕಡೆಗೆ ಜಾರುತ್ತದೆ. ಇದು ಕಾಯಿಲೆ ಹರಡುತ್ತಿರುವ ಲಕ್ಷಣವಲ್ಲ, ಹಳೆಯ ರಕ್ತ ಕರಗುತ್ತಾ ಕೆಳಗಿಳಿಯುತ್ತಿರುವುದು. ಹತ್ತರಿಂದ ಹದಿನಾಲ್ಕು ದಿನದಲ್ಲಿ ಬಹುಪಾಲು ಮಾಯವಾಗುತ್ತದೆ.

ಪ್ಲಾಸ್ಟರ್ ತೆಗೆಯುವ ದಿನ: ಮೂಗಿನ ಮೇಲೆ ಹಾಕಿದ ಸ್ಪ್ಲಿಂಟ್ ಅಥವಾ ಪ್ಲಾಸ್ಟರ್ ಅನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಎಲ್ಲರೂ ಕಾತರದಿಂದ ಕಾಯುವ ದಿನ ಇದು, ಹಲವರಿಗೆ ನಿರಾಸೆ ತರುವ ದಿನವೂ ಇದೇ. ಮೂಗು ದಪ್ಪಗಿರುತ್ತದೆ, ತುದಿ ಮೇಲಕ್ಕೆದ್ದಂತೆ ಕಾಣುತ್ತದೆ, ಮುಟ್ಟಿದರೆ ಮರಗಟ್ಟಿದ ಹಾಗಿರುತ್ತದೆ. ಇನ್ನೂ ಒಂದು ವಿಷಯ ನೆನಪಿಡಿ. ಅದುವರೆಗೆ ಒತ್ತಿ ಹಿಡಿದಿದ್ದ ಪ್ಲಾಸ್ಟರ್ ಹೋದ ಮೇಲೆ ಒಂದೆರಡು ದಿನ ಊತ ಸ್ವಲ್ಪ ಹೆಚ್ಚುವುದೂ ಉಂಟು. ಆಮೇಲೆ ಮತ್ತೆ ಇಳಿಯುತ್ತದೆ.

ಎರಡು, ಮೂರು ವಾರ: ಆಫೀಸಿಗೆ ಹೋಗಬಹುದಾದ ಹಂತ. ವಿಷಯ ಗೊತ್ತಿಲ್ಲದವರಿಗೆ ನಿಮ್ಮ ಮೂಗಿನಲ್ಲಿ ಏನೋ ನಡೆದಿದೆ ಎಂದು ಅನ್ನಿಸುವುದೂ ಕಷ್ಟ. ನಕ್ಕರೆ ಮಾತ್ರ ಮೇಲ್ದುಟಿ ಬಿಗಿಯಾದಂತೆ ಅನ್ನಿಸಬಹುದು. ಅದೂ ಕ್ರಮೇಣ ಸಡಿಲವಾಗುತ್ತದೆ.

ಒಂದರಿಂದ ಮೂರು ತಿಂಗಳು: ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಊತ ಹೋಗಿರುತ್ತದೆ. ಉಳಿದದ್ದು ಮಾತ್ರ ಆಮೆ ನಡಿಗೆ. ಈ ಹಂತದಲ್ಲಿ ಬೆಳಿಗ್ಗೆ ಒಂದು ಮೂಗು, ಸಂಜೆ ಒಂದು ಮೂಗು! ರಾತ್ರಿಯಿಡೀ ಮಲಗಿದ್ದರಿಂದ ನೀರು ಮುಖದಲ್ಲಿ ನಿಂತು ಬೆಳಿಗ್ಗೆ ಊತ ಹೆಚ್ಚಾಗಿರುತ್ತದೆ, ಓಡಾಡಿದಂತೆ ಇಳಿಯುತ್ತದೆ. ಒಂದು ಪಕ್ಕ ಬೇಗ ಇಳಿದು ಇನ್ನೊಂದು ಪಕ್ಕ ಹಿಂದೆ ಬೀಳುವುದೂ ಇದೆ.

ಆರು ತಿಂಗಳು: ಮೂಗಿನ ಮೇಲ್ಭಾಗ, ಅಂದರೆ ಮೂಳೆ ಇರುವ ಕಡೆ, ಸ್ಪಷ್ಟ ಆಕಾರಕ್ಕೆ ಬಂದಿರುತ್ತದೆ. ತುದಿ ಇನ್ನೂ ಸ್ವಲ್ಪ ಗಟ್ಟಿಯಾಗಿರಬಹುದು.

ಒಂದು ವರ್ಷ: ಬಹುತೇಕ ಜನರಿಗೆ ಇದೇ ಮೂಗು ಕೊನೆಯ ಮೂಗು. ಚರ್ಮ ದಪ್ಪಗಿರುವವರಿಗೆ, ಎರಡನೇ ಸಲ ಆಪರೇಷನ್ ಆದವರಿಗೆ ಹದಿನೆಂಟರಿಂದ ಇಪ್ಪತ್ನಾಲ್ಕು ತಿಂಗಳವರೆಗೂ ಸಣ್ಣ ಸಣ್ಣ ಬದಲಾವಣೆ ಆಗುತ್ತಲೇ ಇರುತ್ತದೆ.

ತುದಿಗೇ ಏಕೆ ಇಷ್ಟು ತಡ?

ಮೂಗಿನ ಮೇಲ್ಭಾಗದಲ್ಲಿ ಚರ್ಮ ತೆಳು, ಕೆಳಗೆ ಗಟ್ಟಿ ಮೂಳೆ. ತುದಿಯಲ್ಲಿ ಹಾಗಲ್ಲ. ಅಲ್ಲಿ ಚರ್ಮ ದಪ್ಪ, ಎಣ್ಣೆ ಗ್ರಂಥಿಗಳು ಹೆಚ್ಚು, ಕೆಳಗಿರುವುದು ಮೆದುಮೂಳೆ. ದಪ್ಪ ಚರ್ಮ ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ದೇಶದ ಬಹಳ ಜನರ ಮೂಗಿನ ತುದಿಯ ಚರ್ಮ ಸ್ವಲ್ಪ ದಪ್ಪವೇ. ಹಾಗಾಗಿ ತೆಳು ಚರ್ಮದ ಪಾಶ್ಚಾತ್ಯರ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡಿ "ಮೂರೇ ತಿಂಗಳಿಗೆ ಅವರ ಮೂಗು ಹೇಗಾಗಿದೆ ನೋಡಿ" ಎಂದು ಕೊರಗುವುದು ಬೇಡ.

ತುದಿಯ ಸ್ವಲ್ಪ ಮೇಲೆ ದಪ್ಪಗೆ ಉಳಿದುಬಿಡುವ ಊತಕ್ಕೆ ಕೆಲವು ಸಲ ವೈದ್ಯರು ರಾತ್ರಿ ಹೊತ್ತು ಟೇಪ್ ಅಂಟಿಸಲು ಹೇಳುತ್ತಾರೆ. ಇನ್ನು ಕೆಲವರಿಗೆ ಅಳೆದು ತೂಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಾದರೆ ಚರ್ಮ ತೆಳ್ಳಗಾಗಿ ಗುಳಿ ಬೀಳುವ ಅಪಾಯ ಇರುವುದರಿಂದ, ಇದನ್ನು ಕೇಳಿ ಹಾಕಿಸಿಕೊಳ್ಳುವ ವಸ್ತು ಎಂದುಕೊಳ್ಳಬೇಡಿ. ಔಷಧದಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ತಾವೇ ನುಂಗುವುದಂತೂ ಖಂಡಿತ ಕೂಡದು.

ಒಳಗಿನ ಊತ, ಮತ್ತು ಪುಣೆಯ ಒಂದು ಹಳೆಯ ಕಥೆ

"ಉಸಿರಾಡಲೆಂದೇ ಆಪರೇಷನ್ ಮಾಡಿಸಿದೆ, ಈಗ ಮೊದಲಿಗಿಂತ ಹೆಚ್ಚು ಕಟ್ಟಿಕೊಂಡಿದೆಯಲ್ಲ?" ಇದು ಸೆಪ್ಟೋಪ್ಲಾಸ್ಟಿ ಆದವರ ಸಾಮಾನ್ಯ ದೂರು. ಹೊಳ್ಳೆಯ ದಾರಿ ಮೊದಲೇ ಕಿರಿದು. ಒಳಚರ್ಮ ಸ್ವಲ್ಪ ಊದಿದರೂ ಸಾಕು, ದಾರಿ ಮುಚ್ಚುತ್ತದೆ. ಮೇಲೆ ಒಣಗಿದ ರಕ್ತದ ಹಕ್ಕಳೆ ಬೇರೆ. ಒಂದು, ಎರಡು ವಾರದಲ್ಲಿ ಉಸಿರು ಸ್ವಲ್ಪ ಸರಾಗವಾಗುತ್ತದೆ. ಒಳಗೆ ಸ್ಪ್ಲಿಂಟ್ ಇಟ್ಟಿದ್ದರೆ ಅದನ್ನು ತೆಗೆದ ದಿನ ದೊಡ್ಡ ವ್ಯತ್ಯಾಸ ತಿಳಿಯುತ್ತದೆ. ಒಳಗಿನದೆಲ್ಲ ಪೂರ್ತಿ ಮಾಗಲು ಮೂರು ತಿಂಗಳು ಹಿಡಿಯಬಹುದು.

ಊದಿದ ಮೂಗಿನಲ್ಲಿ ಉಸಿರಿನ ದಾರಿ ಉಳಿಸಬೇಕೆಂಬುದು ಹೊಸ ವಿಚಾರವೇನಲ್ಲ. ಕತ್ತರಿಸಿಹೋದ ಮೂಗನ್ನು ಮರಳಿ ಕಟ್ಟುವ ವಿಧಾನವನ್ನು ವಿವರಿಸುವ ಸುಶ್ರುತ ಸಂಹಿತೆಯಲ್ಲೇ, ಹೊಸ ಮೂಗಿನ ಹೊಳ್ಳೆಗಳಲ್ಲಿ ಉಸಿರಾಟಕ್ಕೆಂದು ಎರಡು ನಳಿಕೆಗಳನ್ನು ಇಡಬೇಕೆಂಬ ಮಾತಿದೆ. ಇಂದು ಉಸಿರಿಗೆ ಕೊಳವೆಯಿರುವ ಸ್ಪ್ಲಿಂಟ್ ಇಡುವುದರ ಹಿಂದಿರುವ ಆಲೋಚನೆಯೂ ಅದೇ.

ಈ ವಿದ್ಯೆ ಜಗತ್ತಿಗೆ ತಿಳಿದ ಕಥೆಯಲ್ಲಿ ನಮ್ಮ ಕರ್ನಾಟಕಕ್ಕೂ ಪುಣೆಗೂ ಪಾಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆ ಸಿಕ್ಕ. ಅಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಅವನಿಗೆ, ಇಟ್ಟಿಗೆ ಮಾಡುವ ಕುಲದ ಒಬ್ಬಾತ ಪುಣೆಯ ಹತ್ತಿರ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಈ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇದೇ ಬಗೆಯ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಪ್ರಕಟಿಸಿದ. ಪುಣೆಯ ಕೇಳುಗರು ಹೆಮ್ಮೆಪಡಬಹುದಾದ ಸಂಗತಿ!

ಕಾಯಬಾರದ ಊತ

ಈಗ ಈ ಲೇಖನದ ಅತಿ ಮುಖ್ಯ ಭಾಗಕ್ಕೆ ಬರೋಣ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಮೂಗಿನ ನಡುಗೋಡೆಯ ಮೆದುಮೂಳೆಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದರ ಎರಡೂ ಕಡೆ ಅಂಟಿಕೊಂಡಿರುವ ತೆಳುಪೊರೆಯಿಂದಲೇ ಅದಕ್ಕೆ ಆಹಾರ. ಆಪರೇಷನ್ ಆದಮೇಲೆ ಈ ಪೊರೆಗೂ ಮೆದುಮೂಳೆಗೂ ನಡುವೆ ರಕ್ತ ಸೋರಿ ಕಟ್ಟಿಕೊಂಡರೆ, ಪೊರೆ ಮೂಳೆಯಿಂದ ದೂರ ಸರಿಯುತ್ತದೆ. ಮೆದುಮೂಳೆಗೆ ಉಪವಾಸ! ಕೆಲವೇ ದಿನಗಳಲ್ಲಿ ಅದು ಸಾಯತೊಡಗುತ್ತದೆ. ಜೊತೆಗೆ ಕಟ್ಟಿದ ರಕ್ತದಲ್ಲಿ ಕೀವಾಗಬಹುದು. ಆಧಾರ ಕಳೆದುಕೊಂಡ ಮೂಗು ನಡುವೆ ಕುಸಿದು ಕುದುರೆ ಜೀನಿನ ಹಾಗೆ ತಗ್ಗಾಗುತ್ತದೆ. ಇದಕ್ಕೆ ಸೆಪ್ಟಲ್ ಹೆಮಟೋಮಾ ಎನ್ನುತ್ತಾರೆ. ಇದು ಅಪರೂಪ, ಆದರೆ ಬಂದರೆ ಬೇಗ ಕೊಯ್ದು ರಕ್ತ ಹೊರತೆಗೆಯಲೇಬೇಕು.

ಇದನ್ನು ಗುರುತಿಸುವುದು ಹೇಗೆ? ಮೂಗು ಕಟ್ಟಿರುವುದು ಇಳಿಯುವ ಬದಲು ಹೆಚ್ಚುತ್ತಲೇ ಹೋಗುತ್ತದೆ, ಸಾಮಾನ್ಯವಾಗಿ ಎರಡೂ ಕಡೆ. ಮಾತ್ರೆ ನುಂಗಿದರೂ ನೋವು ಏರುತ್ತದೆ, ಮೂಗಿನೊಳಗೆ ಏನೋ ಬಿಗಿದಂತಾಗುತ್ತದೆ. ಹೊಳ್ಳೆಯೊಳಗೆ ನಡುಗೋಡೆಯ ಮೇಲೆ ಕೆಂಪು ಅಥವಾ ನೇರಳೆ ಬಣ್ಣದ ಮೆತ್ತನೆಯ ಉಬ್ಬು ಕಾಣಬಹುದು. ಅಂದಹಾಗೆ, ಆಪರೇಷನ್ ಆಗದೆ ಬರೀ ಪೆಟ್ಟು ಬಿದ್ದಾಗಲೂ ಇದು ಆಗಬಹುದು. ಮೈದಾನದಲ್ಲಿ ಕ್ರಿಕೆಟ್ ಚೆಂಡು ಬಡಿದು ಬಂದ ಮಗುವಿನ ಮೂಗು ಹೊರಗೆ ಸರಿಯಾಗೇ ಕಂಡರೂ, ಉಸಿರು ಕಟ್ಟಿ ನೋವು ಹೆಚ್ಚುತ್ತಿದ್ದರೆ ಇ.ಎನ್.ಟಿ. ವೈದ್ಯರಿಗೆ ತೋರಿಸಿ.

ಇವುಗಳನ್ನು ಕಂಡರೂ ಕೂಡಲೇ ನಿಮ್ಮ ಶಸ್ತ್ರವೈದ್ಯರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ:

* ಇಳಿದಿದ್ದ ಊತ ಮತ್ತೆ ಏರುವುದು, ಅಥವಾ ಒಂದೇ ಪಕ್ಕ ಇದ್ದಕ್ಕಿದ್ದಂತೆ ಊದಿಕೊಳ್ಳುವುದು.
* 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಚರ್ಮ ಕೆಂಪಾಗಿ ಬಿಸಿಯಾಗುವುದು, ಕೀವು, ಕೆಟ್ಟ ವಾಸನೆ.
* ತಲೆ ಎತ್ತಿ ಕುಳಿತು ಸುಧಾರಿಸಿಕೊಂಡರೂ ನಿಲ್ಲದೆ ಹರಿಯುವ ರಕ್ತ. ಮೊದಲ ಒಂದೆರಡು ದಿನ ಹತ್ತಿಯಲ್ಲಿ ನಸುಗೆಂಪು ಒಸರುವುದು ಬೇರೆ ಮಾತು.
* ಒಂದೇ ಹೊಳ್ಳೆಯಿಂದ ತಿಳಿನೀರಿನಂಥ ದ್ರವ ತೊಟ್ಟಿಕ್ಕುತ್ತಿದ್ದು, ಜೊತೆಗೆ ತಲೆನೋವು.
* ದೃಷ್ಟಿ ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಮುಂದೆ ಬಂದಂತಾಗುವುದು.
* ಮೂಗಿನಲ್ಲಿ ಪ್ಯಾಕ್ ಇರುವಾಗ ಜೋರು ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು.

ರಾತ್ರಿ ಹನ್ನೊಂದು ಗಂಟೆಯಾಗಿದೆ, ಡಾಕ್ಟರಿಗೆ ಈಗ ತೊಂದರೆ ಕೊಡುವುದು ಹೇಗೆ ಎಂಬ ಸಂಕೋಚ ಬೇಡ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಕೋಚ ಸ್ವಲ್ಪ ಹೆಚ್ಚು, ಭಾಷೆಯ ತೊಡಕೂ ಸೇರಿರುತ್ತದೆ. ಡಿಸ್ಚಾರ್ಜ್ ಆಗುವಾಗಲೇ ತುರ್ತಿಗೆ ಯಾವ ನಂಬರು, ಯಾರು ಎತ್ತುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮರಾಠಿ, ತಮಿಳು, ತೆಲುಗು, ಹಿಂದಿಯಲ್ಲಿ "ಊತ ಹೆಚ್ಚಾಗುತ್ತಿದೆ, ಉಸಿರು ಕಟ್ಟುತ್ತಿದೆ" ಎಂದು ಹೇಳುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಿ.

ಮನೆಯಲ್ಲಿ ಏನು ಮಾಡಬೇಕು, ಏನು ಬಾರದು

ತಲೆ ಎತ್ತರದಲ್ಲಿರಲಿ: ಮೊದಲ ಒಂದೆರಡು ವಾರ ಎರಡು ಮೂರು ದಿಂಬಿಟ್ಟು, ಅಂಗಾತ ಮಲಗಿ. ನೀರು ಕೆಳಗಿಳಿಯಲು ಇದಕ್ಕಿಂತ ಅಗ್ಗದ ಔಷಧಿ ಬೇರೆ ಇಲ್ಲ.

ತಣ್ಣನೆಯ ಶಾಖ: ಮೊದಲ 48 ಗಂಟೆ, ಎಚ್ಚರವಾಗಿರುವಾಗ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆ ಮತ್ತು ಕಣ್ಣಿನ ಮೇಲೆ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ. ಮೂಗಿನ ಮೇಲೆ ಭಾರ ಹಾಕಬೇಡಿ. ಪ್ಲಾಸ್ಟರ್ ಒದ್ದೆಯಾಗಬಾರದು.

ಮೂಗು ಊದಬೇಡಿ: ಎರಡು ವಾರವಾದರೂ ಜೋರಾಗಿ ಊದಿ ಸಿಂಬಳ ತೆಗೆಯುವುದು ಬೇಡ. ಸೀನು ಬಂದರೆ ತಡೆಯದೆ, ಬಾಯಿ ತೆರೆದು ಸೀನಿ. ವೈದ್ಯರು ಹೇಳಿದ ಉಪ್ಪುನೀರಿನ ಸ್ಪ್ರೇ ಹಾಕಿದರೆ ಹಕ್ಕಳೆ ತಾನೇ ಮೆತ್ತಗಾಗುತ್ತದೆ. ಬೆರಳು ಹಾಕಬೇಡಿ.

ಬಗ್ಗುವುದು, ಎತ್ತುವುದು ಬೇಡ: ನೀರಿನ ಬಕೆಟ್, ಗ್ಯಾಸ್ ಸಿಲಿಂಡರ್, ಮಗುವನ್ನು ಎತ್ತಿಕೊಳ್ಳುವುದು ಎಲ್ಲಕ್ಕೂ ಎರಡು ವಾರ ರಜೆ. ಜಿಮ್, ಓಟಕ್ಕೆ ಮೂರು ನಾಲ್ಕು ವಾರ ತಡೆಯಿರಿ. ಚೆಂಡಾಟ, ಕಬಡ್ಡಿಯಂಥ ತಾಗುವ ಆಟಗಳಿಗೆ ಕನಿಷ್ಠ ಆರು ವಾರ, ಮೂಳೆ ಕತ್ತರಿಸಿದ್ದರೆ ಇನ್ನೂ ಹೆಚ್ಚು.

ಯೋಗಾಭ್ಯಾಸಿಗಳಿಗೆ ಒಂದು ಮಾತು: ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನ, ಸೂರ್ಯನಮಸ್ಕಾರ ಇವೆಲ್ಲ ಮೂಗಿಗೆ ಒತ್ತಡ ತರುತ್ತವೆ ಅಥವಾ ತಲೆಗೆ ರಕ್ತ ನುಗ್ಗಿಸುತ್ತವೆ. ಜಲನೇತಿಯೂ ಸೇರಿದಂತೆ ಇವನ್ನು ಯಾವಾಗ ಶುರುಮಾಡಬಹುದೆಂದು ವೈದ್ಯರನ್ನೇ ಕೇಳಿ.

ಅಜ್ಜಿ ಮದ್ದು: ಅಜ್ಜಿಯ ಪ್ರೀತಿಗೆ ಎದುರಾಡುವುದು ಕಷ್ಟ, ನಿಜ. ಆದರೆ ಬಿಸಿ ಹಬೆ ತೆಗೆದುಕೊಳ್ಳುವುದು, ಮೂಗಿಗೆ ಎಣ್ಣೆ ಬಿಡುವುದು, ಅರಿಶಿನದ ಪಟ್ಟು, ಎಣ್ಣೆ ಹಚ್ಚಿ ನೀವುವುದು ಈಗ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ರಕ್ತ ಒಸರಬಹುದು, ಊತ ಹೆಚ್ಚಬಹುದು. ಆಸ್ಪಿರಿನ್ ಮತ್ತು ಕೆಲವು ನೋವಿನ ಮಾತ್ರೆಗಳೂ ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಲೂ ಬಾರದು, ಶುರುಮಾಡಲೂ ಬಾರದು. ಆಪರೇಷನ್ ಮೊದಲೇ ಮಾತಾಡಿಕೊಳ್ಳಿ.

ಊಟ: ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಒಂದೆರಡು ತಿಂಗಳು ಉಪ್ಪಿನಕಾಯಿ, ಹಪ್ಪಳ, ಚಿಪ್ಸಿಗೆ ಕಡಿವಾಣ ಹಾಕಿ. ತುಂಬ ಅಗಿಯಬೇಕಾದ ಚಕ್ಕುಲಿ, ನಿಪ್ಪಟ್ಟಿಗಿಂತ ಮೊದಲ ವಾರ ಮೆತ್ತನೆ ಅನ್ನ ಸಾರು, ಇಡ್ಲಿ, ಗಂಜಿ ಹಿತ. ಸಿಗರೇಟು, ನಶ್ಯ, ಮದ್ಯ ಬೇಡವೇ ಬೇಡ. ಹೊಗೆ ರಕ್ತನಾಳಗಳನ್ನು ಕಿರಿದು ಮಾಡಿ ಗಾಯ ಮಾಗುವುದನ್ನೇ ತಡೆಯುತ್ತದೆ.

ಕನ್ನಡಕ, ಹೆಲ್ಮೆಟ್, ಮೂಗುತಿ: ಮೂಳೆಗೆ ಕೈ ಹಾಕಿದ್ದರೆ ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು. ಮುಖ ಮುಚ್ಚುವ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗಿಗೆ ಉಜ್ಜುತ್ತದೆ, ಹಾಗೆಂದು ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವುದಲ್ಲ, ಬೈಕನ್ನೇ ಬಿಡುವುದು. ಮೂಗುತಿಯನ್ನು ಮತ್ತೆ ಯಾವಾಗ ಇಡಬಹುದೆಂದು ವೈದ್ಯರನ್ನು ಕೇಳಿ.

ಪ್ರಯಾಣ: ಮುಂಬಯಿಯ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಒಂದು ಮೊಣಕೈ ತಾಗಿದರೆ ಸಾಕು. ಸಾಧ್ಯವಾದರೆ ಮೊದಲ ವಾರಗಳಲ್ಲಿ ಜನ ಕಡಿಮೆಯಿರುವ ಹೊತ್ತು ಆರಿಸಿಕೊಳ್ಳಿ. ದೆಹಲಿಯ ಚಳಿಗಾಲದ ಹೊಗೆ, ದೂಳು ಒಳಚರ್ಮವನ್ನು ಕೆರಳಿಸುತ್ತದೆ. ಚೆನ್ನೈ, ಹೈದರಾಬಾದಿನ ಬಿಸಿಲಿಗೆ ಊತ ಏರುತ್ತದೆ, ಹೊಸ ಗಾಯದ ಗುರುತು ಕಪ್ಪಾಗುತ್ತದೆ. ಟೋಪಿ, ಕೊಡೆ ಜೊತೆಗಿರಲಿ. ಆಪರೇಷನ್ ಆದ ಮೂರನೇ ದಿನಕ್ಕೇ ಊರಿಗೆ ಹೊರಟುಬಿಡಬೇಡಿ. ರಾತ್ರಿ ಪೂರ್ತಿ ರೈಲು, ಬಸ್ಸಿನಲ್ಲಿದ್ದಾಗ ರಕ್ತ ಬಂದರೆ ಯಾರನ್ನು ಹುಡುಕುತ್ತೀರಿ? ಪ್ಲಾಸ್ಟರ್ ತೆಗೆಸಿ, ವೈದ್ಯರು ನೋಡಿದ ಮೇಲೆ ಹೊರಡಿ. ವಿಮಾನಕ್ಕೂ ಅವರ ಒಪ್ಪಿಗೆ ಬೇಕು.

ಮದುವೆ ಗೊತ್ತಾಗಿದೆಯೇ?

ಮಗಳ ಮದುವೆ ಇನ್ನೊಂದು ತಿಂಗಳಲ್ಲಿದೆ, ಅಷ್ಟರೊಳಗೆ ಮೂಗು ಸರಿಮಾಡಿಸಿಬಿಡೋಣ ಎಂದು ಹೊರಡುವ ತಾಯ್ತಂದೆಯರಿಗೆ ಕೈಮುಗಿದು ಹೇಳುವುದು: ಬೇಡ. ತಿಂಗಳೊಪ್ಪತ್ತಿನಲ್ಲಿ ಮೂಗು ನೋಡುವವರ ಕಣ್ಣಿಗೆ ಸರಿಯಿದ್ದೀತು, ಆದರೆ ಫೋಟೋದಲ್ಲಿ ತುದಿ ದಪ್ಪಗೇ ಕಾಣುತ್ತದೆ. ಮದುವೆಮನೆಯ ಓಡಾಟ, ಬಿಸಿ, ನಿದ್ದೆಗೇಡು ಸೇರಿ ಊತ ಮತ್ತೆ ಏರಬಹುದು. ಆರು ತಿಂಗಳಾದರೂ ಅಂತರವಿರಲಿ, ವರ್ಷವಿದ್ದರೆ ಇನ್ನೂ ಒಳ್ಳೆಯದು. ಅದಕ್ಕೂ ಮೊದಲು, ಈ ಆಪರೇಷನ್ ಬೇಕೆಂದು ಅನ್ನಿಸಿರುವುದು ಮಗಳಿಗೋ ಅಥವಾ ಬೇರೆಯವರಿಗೋ ಎಂದು ಒಮ್ಮೆ ಅವಳನ್ನೇ ಕೇಳಿ.

ಕನ್ನಡಿಯ ಮುಂದೆ

ಮೊದಲ ಆರು ವಾರ ಮನಸ್ಸಿಗೆ ಬಹಳ ಕಷ್ಟದ ಕಾಲ. ದುಡ್ಡು ಖರ್ಚಾಗಿದೆ, ನೋವು ತಿಂದಾಗಿದೆ, ಕನ್ನಡಿಯಲ್ಲಿ ಮಾತ್ರ ಯಾರೋ ಬೇರೆಯವರು ನಿಂತಿದ್ದಾರೆ. "ಯಾಕಾದರೂ ಮಾಡಿಸಿಕೊಂಡೆನೋ" ಎಂದು ಅಳು ಬರುವುದು ಅಸಹಜವಲ್ಲ. ಇದನ್ನು ಮನೆಯವರು "ಅಂದಕ್ಕೆ ಹೋಗಿ ಅನುಭವಿಸುತ್ತಿದ್ದಾಳೆ" ಎಂದು ಹಂಗಿಸಬಾರದು. ಅವರಿಗೆ ಬೇಕಿರುವುದು ಧೈರ್ಯದ ಮಾತು, ಒಂದು ಲೋಟ ಬಿಸಿ ಗಂಜಿ. ಬೇಸರ ವಾರಗಟ್ಟಲೆ ಇಳಿಯದೆ, ನಿದ್ದೆ ಊಟ ಬಿಡುವಂತಾದರೆ ಅದನ್ನೂ ವೈದ್ಯರ ಮುಂದೆ ಹೇಳಿ.

ಒಂದು ಸುಲಭ ಉಪಾಯವಿದೆ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವ ಬದಲು ತಿಂಗಳಿಗೊಂದು ಫೋಟೋ ತೆಗೆಯಿರಿ. ಅದೇ ಕಿಟಕಿ, ಅದೇ ಬೆಳಕು, ಅದೇ ಹೊತ್ತು. ಒಂದು ಮುಂದಿನಿಂದ, ಒಂದು ಪಕ್ಕದಿಂದ. ಮೂರು ತಿಂಗಳಾದ ಮೇಲೆ ಸಾಲಾಗಿ ಇಟ್ಟು ನೋಡಿದರೆ, ದಿನವೂ ನೋಡಿ ಕಾಣದೇ ಹೋದದ್ದು ಕಾಣುತ್ತದೆ. ಈ ಫೋಟೋಗಳು ನಿಮ್ಮ ವೈದ್ಯರಿಗೂ ಉಪಯೋಗಕ್ಕೆ ಬರುತ್ತವೆ.

ವರ್ಷ ತುಂಬುವ ಮೊದಲು "ಮತ್ತೊಮ್ಮೆ ಸರಿಮಾಡಿ" ಎಂದು ಇನ್ನೊಬ್ಬ ವೈದ್ಯರ ಬಳಿ ಓಡಬೇಡಿ. ಊದಿದ ಮೂಗನ್ನು ಅಳೆದು ಕತ್ತರಿಸುವುದು ಒದ್ದೆ ಬಟ್ಟೆಯನ್ನು ಅಳೆದು ಅಂಗಿ ಹೊಲಿದಂತೆ. ಒಣಗಿದ ಮೇಲೆ ಅಳತೆ ಬೇರೆ. ಎರಡನೇ ಆಪರೇಷನ್ ಬೇಕೇ ಬೇಡವೇ ಎಂಬ ತೀರ್ಮಾನವನ್ನು ಸಾಮಾನ್ಯವಾಗಿ ಒಂದು ವರ್ಷದ ನಂತರವೇ ಮಾಡುವುದು ಇದಕ್ಕಾಗಿ. ಅಷ್ಟರಲ್ಲಿ ಎಷ್ಟೋ ದೂರುಗಳು ತಾವಾಗಿ ಕರಗಿರುತ್ತವೆ.

ಕೊನೆಯದಾಗಿ, ಈ ಪುಟವನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸುವವರಿದ್ದರೆ ಇಷ್ಟು ಸಾಕು: ದಿನದಿಂದ ದಿನಕ್ಕೆ, ನಿಧಾನವಾಗಿಯಾದರೂ, ಇಳಿಯುತ್ತಿರುವ ಊತಕ್ಕೆ ತಾಳ್ಮೆಯೇ ಮದ್ದು. ಏರುತ್ತಿರುವ ಊತಕ್ಕೆ, ಏರುತ್ತಿರುವ ನೋವಿಗೆ, ಜ್ವರಕ್ಕೆ ಡಾಕ್ಟರೇ ಮದ್ದು. ನಿಮ್ಮ ಮೂಗನ್ನು ಕಣ್ಣಾರೆ ನೋಡಿದ ವೈದ್ಯರ ಮಾತೇ ಈ ಲೇಖನಕ್ಕಿಂತ ದೊಡ್ಡದು ಎಂಬುದನ್ನೂ ಮರೆಯಬೇಡಿ.

ಹಾಯಾಗಿ ಉಸಿರಾಡಿ, ಕನ್ನಡ ಕೇಳುತ್ತಿರಿ.